ಚೀಲ ಹೊತ್ತವನ ಮಾತು

ಗಾಲ್ಫ್ ಆಟದ ನಿಯಮಾವಳಿಯಲ್ಲಿ ಒಂದು ವಿಚಿತ್ರವಾದ ವಿಧಿಯುಂಟು. ಒಬ್ಬೊಬ್ಬರೇ ಆಡುವ ಸ್ಪರ್ಧೆಯಲ್ಲಿ, ಆಟ ಮೊದಲಾದ ಮೇಲೆ, ಈ ಹೊಡೆತಕ್ಕೆ ಯಾವ ಕೋಲು ಹಿಡಿಯಲಿ, ಮುಂದಿರುವ ಕೊಳವನ್ನು ದಾಟಿಸಲು ಯತ್ನಿಸಲೋ ಅದರ ಈಚೆಗೇ ಚೆಂಡನ್ನು ನಿಲ್ಲಿಸಲೋ ಎಂದು ಆಟಗಾರನು ತನಗೆ ವಿದ್ಯೆ ಕಲಿಸಿದ ಗುರುವನ್ನು ಕೇಳುವಂತಿಲ್ಲ. ಹಗ್ಗದಾಚೆ ನಿಂತು ನೋಡುತ್ತಿರುವ ತಂದೆತಾಯಿಯರನ್ನು ಕೇಳುವಂತಿಲ್ಲ. ಜೊತೆಯಲ್ಲಿ ಹೆಜ್ಜೆಹಾಕುತ್ತಿರುವ ಎದುರಾಳಿಯನ್ನು ಕೇಳಿದನಾದರೆ ಎರಡು ಹೊಡೆತಗಳ ದಂಡವನ್ನೇ ತೆರಬೇಕು. ಆದರೆ ತನ್ನ ಕೋಲುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಬರುತ್ತಿರುವವನನ್ನು ಮಾತ್ರ ಏನು ಬೇಕಾದರೂ ಕೇಳಬಹುದು. ಹೊರೆ ಹೊರುವವನಿಗೆ ಬಾಯಿಯಿರಬಾರದೆಂಬುದು ಲೋಕರೂಢಿ. ಶ್ರೀಮಂತರದೆಂದು ಹೆಸರಾದ ಈ ಆಟವಾದರೋ ಹೊರೆ ಹೊತ್ತವನೊಬ್ಬನಿಗೇ ಬಾಯಿ ಕೊಟ್ಟಿದೆ. ಅವನನ್ನು ಕ್ಯಾಡಿ ಎನ್ನುತ್ತಾರೆ.

ಕೊಪ್ಪಳದ ಬಳಿಯ ಇರಕಲ್ಲಗಡದ ಸುತ್ತ ಜೋಳ ಸಜ್ಜೆಗಳ ಹೊಲಗಳನ್ನೂ ಕಲ್ಲುಗುಡ್ಡಗಳನ್ನೂ ನೋಡುತ್ತ ಬೆಳೆದ ನಮಗೆ ಗಾಲ್ಫ್ ಮೈದಾನವೆಂಬುದು ಟಿವಿಯಲ್ಲಿ ಕಂಡ ಹಸುರು. ಆದಕಾರಣ ಆಟದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದುವರಿಯುವುದು ಲೇಸು. ಒಟ್ಟು 18 ಗುಳಿಗಳು. ಚೆಂಡನ್ನು ಅತಿ ಕಡಿಮೆ ಹೊಡೆತಗಳಲ್ಲಿ ಅವೆಲ್ಲಕ್ಕೂ ಇಳಿಸಿ ಮುಗಿಸಿದವನು ಗೆದ್ದ. ದೊಡ್ಡ ಪಂದ್ಯವು ನಾಲ್ಕು ದಿನ ನಡೆಯುತ್ತದೆ. ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇರಕೂಡದು. ಮಳೆಯಂಗಿ, ಕೊಡೆ, ನೀರು, ಚೆಂಡುಗಳು ಎಲ್ಲ ಸೇರಿ ವೃತ್ತಿಪರನ ಚೀಲ ಸುಮಾರು 20 ಕಿಲೋ ತೂಗುತ್ತದೆ. ಅದನ್ನು ಹೊತ್ತು ಏರುತಗ್ಗುಗಳಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರು ನಡೆಯಬೇಕು.

ಆದರೆ ಹೊರುವುದು ಈ ಕೆಲಸದ ಸುಲಭವಾದ ಭಾಗ. ಬೆಳಗಿನಲ್ಲಿ ಕ್ಯಾಡಿಯ ಕೈಗೊಂದು ಹಾಳೆ ಬರುತ್ತದೆ: ಪ್ರತಿದಿನವೂ ಸ್ಥಳ ಬದಲಿಸುವ ಗುಳಿಗಳು ಇಂದು ಗ್ರೀನಿನ, ಎಂದರೆ ಅವುಗಳ ಸುತ್ತಲಿನ ನುಣ್ಣನೆಯ ಹುಲ್ಲುಹಾಸಿನ, ಮುಂದಂಚಿನಿಂದ ಎಷ್ಟು ಗಜ ಒಳಗಿವೆ, ಪಕ್ಕದಂಚಿನಿಂದ ಎಷ್ಟು ದೂರದಲ್ಲಿವೆ ಎಂಬ ಲೆಕ್ಕ. ಪಂದ್ಯಕ್ಕೆ ಮುನ್ನವೇ ಮೈದಾನವನ್ನೆಲ್ಲ ನಡೆದು, ಎಲ್ಲಿ ಇಳಿಜಾರು, ಎಲ್ಲಿ ಮರಳುಗುಂಡಿ, ಎಲ್ಲಿ ಚೆಂಡು ಬಿದ್ದರೆ ಉರುಳಿ ನೀರಿಗೆ ಸೇರುತ್ತದೆ ಎಂಬುದನ್ನು ಅವನು ತನ್ನ ಕಿರುಪುಸ್ತಕದಲ್ಲಿ ಗುರುತುಮಾಡಿಕೊಂಡಿರುತ್ತಾನೆ. ಚೆಂಡು ನಿಂತಲ್ಲಿಂದ ಗ್ರೀನಿನ ಅಂಚಿಗೆ 141 ಗಜ, ಗುಳಿಗೆ ಮತ್ತೂ 12, ಕೂಡಿದರೆ 153. ಎರಡು ಎಸಳು ಹುಲ್ಲು ಕಿತ್ತು ಗಾಳಿಗೆ ತೂರಿ ನೋಡಿದರೆ ಗಾಳಿ ಎದುರಿನದು, ಅದಕ್ಕೊಂದು ಹತ್ತು ಗಜ. ನೆಲ ಏರು, ಅದಕ್ಕೆ ಐದು. ಕಣ್ಣಿಗೆ 153 ಆದದ್ದು ಕೋಲಿಗೆ 168 ಆಯಿತು, ನೈನ್ ಐರನ್ ಸಾಲದು, ಎಯ್ಟ್ ಐರನ್ ಬೇಕು. ಈ ಲೆಕ್ಕವನ್ನು ಸುಮಾರು ನಲವತ್ತು ಸೆಕೆಂಡಿನೊಳಗೆ ಮುಗಿಸಿ, ಸಂಶಯದ ಎಳೆಯೂ ಇಲ್ಲದ ದನಿಯಲ್ಲಿ ಹೇಳಬೇಕು. ಏಕೆಂದರೆ ಕೋಲೆತ್ತುವಾಗ ಮನಸ್ಸು ಅಲುಗಿದ ಆಟಗಾರನಿಗೆ ಸರಿಯಾದ ಕೋಲೂ ತಪ್ಪು ಕೋಲೇ. ಚೆಂಡು ಮರಳಿಗೆ ಬಿತ್ತೋ, ಅವನು ಹೊಡೆದ ಮೇಲೆ ಆ ಮರಳನ್ನು ಕುಂಟೆಯಂಥ ಹಣಿಗೆಯಿಂದ ಸಮಮಾಡಿ, ಓಡಿಬಂದು ಒದ್ದೆ ಟವಲಿನಿಂದ ಕೋಲೊರಸಿ, ಚೆಂಡು ತೊಳೆದು, ಏನೂ ನಡೆಯಲಿಲ್ಲವೆಂಬಂತೆ ಮುಂದಿನ ಮಾತು ತೆಗೆಯಬೇಕು. ಕೆಟ್ಟ ಹೊಡೆತದ ಬಳಿಕ ಏನು ಮಾತಾಡಬಾರದೆಂದು ತಿಳಿಯುವುದು ಯಾವ ಗಣಿತಕ್ಕಿಂತಲೂ ಕಠಿಣವೆಂದು ನನಗೆ ತೋರುತ್ತದೆ.

ಕ್ಯಾಡಿಯ ತಪ್ಪಿಗೆ ದಂಡ ತೆರುವವನು ಆಟಗಾರ. 2001ರ ಬ್ರಿಟಿಷ್ ಓಪನ್ನಿನ ಕೊನೆಯ ದಿನ ಇಯಾನ್ ವೂಸ್ನಮ್ ಎಂಬ ವೇಲ್ಸಿನ ಆಟಗಾರ ಮೊದಲ ಗುಳಿಯನ್ನು ಸೊಗಸಾಗಿ ಆಡಿ ಎರಡನೆಯದಕ್ಕೆ ಬಂದು ನಿಂತಾಗ, ಅಭ್ಯಾಸಕ್ಕೆಂದು ತೆಗೆದುಕೊಂಡು ಹೋಗಿದ್ದ ಒಂದು ಹೆಚ್ಚಿನ ಡ್ರೈವರ್ ಕೋಲು ಚೀಲದಲ್ಲಿಯೇ ಉಳಿದುಹೋಗಿ ಕೋಲುಗಳು 15 ಆಗಿರುವುದು ಬೆಳಕಿಗೆ ಬಂತು. ಎರಡು ಹೊಡೆತಗಳ ದಂಡ ಬಿತ್ತು. ಎಣಿಸಿ ನೋಡಬೇಕಾಗಿದ್ದವನು ಕ್ಯಾಡಿ. ಸಿಟ್ಟಿನಿಂದ ಆ ಕೋಲನ್ನು ಹುಲ್ಲಿಗೆ ಎಸೆದವನು ವೂಸ್ನಮ್.

ದೊಡ್ಡ ಪಂದ್ಯಗಳ ಕ್ಯಾಡಿಯ ಬಾಳು ಅಲೆದಾಟದ್ದೂ ಹೌದು. ಗುಳೆ ಹೋಗುವುದೆಂದರೇನೆಂದು ಕುಷ್ಟಗಿ ಯಲಬುರ್ಗಾಗಳ ಜನಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. ಮಳೆ ಕೈಕೊಟ್ಟ ವರ್ಷ ರೊಟ್ಟಿಯ ಗಂಟು ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ನಡೆಯುವವರ, ಕೊಪ್ಪಳದ ಸ್ಟೇಷನ್ನಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಇಳಿಯುವವರ ಬಾಳಿಗೂ ಸಂಚಾರಿ ಕ್ಯಾಡಿಯ ಬಾಳಿಗೂ ನಂಟು ಹತ್ತಿರದ್ದು. ಭೇದವಿಷ್ಟೆ, ಗುಳೆಯವರು ಹೋದಲ್ಲಿ ಕೆಲವು ತಿಂಗಳಾದರೂ ನಿಲ್ಲುತ್ತಾರೆ, ಕ್ಯಾಡಿಗೆ ವಾರಕ್ಕೊಂದು ಊರು. 2006ರಲ್ಲಿ ಆರಂಭವಾದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾದ ಪಂದ್ಯಗಳು ಚಂಡೀಗಢ, ದೆಹಲಿ, ಜಮ್‌ಶೇಡ್‌ಪುರ, ಕೊಲ್ಕತ್ತ, ಬೆಂಗಳೂರು, ಅಸ್ಸಾಮಿನ ಎಣ್ಣೆಬಾವಿಗಳ ಊರಾದ ಡಿಗ್‌ಬೋಯಿ ಎಂದು ದೇಶದ ಉದ್ದಗಲಕ್ಕೂ ಹರಡಿಕೊಂಡಿವೆ. ಆಟಗಾರ ವಿಮಾನದಲ್ಲಿ ಹೋದರೂ ಕ್ಯಾಡಿಗೆ ಬಹುಮಟ್ಟಿಗೆ ರೈಲಿನ ಸ್ಲೀಪರೇ ಗತಿ. ಇಳಿದ ಊರಿನಲ್ಲಿ ಮೂವರು ನಾಲ್ವರು ಕೂಡಿ ಒಂದು ಕೋಣೆ ಹಿಡಿದು ಬಾಡಿಗೆ ಹಂಚಿಕೊಳ್ಳಬೇಕು. ಊರು ಬದಲಾದಂತೆ ಅವನ ಲೆಕ್ಕವೂ ಬದಲಾಗುತ್ತದೆ: ಉತ್ತರದ ಚಳಿಗಾಲದ ದಟ್ಟವಾದ ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರದು, ಮಂಜು ಕವಿದು ಆಟವೇ ತಡವಾಗುವುದೂ ಉಂಟು, ದಕ್ಷಿಣದ ಬಿಸಿಲಿನಲ್ಲಿ ಅದೇ ಕೋಲು ಅದೇ ಚೆಂಡನ್ನು ಇನ್ನಷ್ಟು ಮುಂದಕ್ಕೆ ಕಳಿಸುತ್ತದೆ.

ಹೀಗೆ ಆಟಗಾರನೊಡನೆ ಊರೂರು ತಿರುಗುವ ಕ್ಯಾಡಿ ಎಲ್ಲ ಕಡೆಯೂ ಮೊದಲಿನಿಂದ ಇದ್ದವನಲ್ಲ. ಅಮೆರಿಕದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯದಲ್ಲಿ 1982ರವರೆಗೂ ಆ ಕ್ಲಬ್ಬಿನ ಕ್ಯಾಡಿಗಳನ್ನೇ ತೆಗೆದುಕೊಳ್ಳಬೇಕೆಂಬ ನಿಯಮವಿತ್ತು. ಆ ಕ್ಯಾಡಿಗಳು ಕರಿಯ ಜನ, ಮೈದಾನದ ಒಂದೊಂದು ಇಳಿಜಾರನ್ನೂ ಬಲ್ಲವರು. 1983ರಿಂದ ಆಟಗಾರರು ತಮ್ಮ ತಮ್ಮ ಕ್ಯಾಡಿಗಳನ್ನು ಕರೆತರಬಹುದೆಂದಾದಾಗ ಸಂಚಾರಿ ಕ್ಯಾಡಿಗೆ ಬಾಗಿಲು ತೆರೆಯಿತು, ಊರ ಕ್ಯಾಡಿಯ ವರ್ಷದ ದೊಡ್ಡ ಸಂಪಾದನೆ ಕೈಬಿಟ್ಟಿತು. ಪ್ರಗತಿಯೆಂದು ನಾವು ಹೇಳುವ ಅನೇಕ ಸಂಗತಿಗಳಲ್ಲಿ ಇಂಥ ಎರಡು ಮುಖಗಳಿರುತ್ತವೆ.

ಸಂಬಳದ ಮಾತು. ಆಟಗಾರನಿಗೂ ಕ್ಯಾಡಿಗೂ ನಡುವೆ ಬಹಳ ಕಡೆ ಕಾಗದಪತ್ರವಿಲ್ಲ, ಬಾಯಿಮಾತೇ ಕರಾರು. ವಾರಕ್ಕಿಷ್ಟೆಂದು ಗೊತ್ತಾದ ಹಣ, ಅದರ ಮೇಲೆ ಬಹುಮಾನದಲ್ಲಿ ಪಾಲು. ಗೆದ್ದರೆ ನೂರಕ್ಕೆ ಹತ್ತು, ಮೊದಲ ಹತ್ತರೊಳಗೆ ಬಂದರೆ ಏಳು, ಇಲ್ಲವಾದರೆ ಐದು ಎಂಬುದು ಅಮೆರಿಕದ ಟೂರಿನಲ್ಲಿ ರೂಢಿಗೆ ಬಂದಿರುವ ಪ್ರಮಾಣ. ಎರಡನೆಯ ದಿನದ ಸಂಜೆ ‘ಕಟ್’ ಬೀಳುತ್ತದೆ. ಹಿಂದುಳಿದವರು ಗಂಟುಮೂಟೆ ಕಟ್ಟಿ ಹೊರಡಬೇಕು, ಅವರಿಗೆ ಬಹುಮಾನದ ಹಣವಿಲ್ಲ, ಆದುದರಿಂದ ಅವರ ಕ್ಯಾಡಿಗೆ ಪಾಲೂ ಇಲ್ಲ. ತನ್ನ ಕೈಯಿಂದ ಒಂದು ಹೊಡೆತವನ್ನೂ ಹೊಡೆಯದವನ ಮನೆಯ ಆ ತಿಂಗಳ ಖರ್ಚು ಮತ್ತೊಬ್ಬನು ಆರಡಿ ದೂರದಿಂದ ಉರುಳಿಸಿದ ಪಟ್ ಗುಳಿಗೆ ಬೀಳುವುದರ ಮೇಲೆ ನಿಂತಿರುತ್ತದೆ.

ನಮ್ಮ ನಾಡಿನಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ದೊರೆಗಳ ಚೀಲ ಹೊರಲು ಸುತ್ತಲಿನ ಬಡ ಕೇರಿಗಳ ಹುಡುಗರು ಇಂಥ ಕ್ಲಬ್ಬುಗಳ ಗೇಟಿನಲ್ಲಿ ಸರದಿ ಕಾಯುವುದು ದೊರೆಗಳು ಹೋದ ಮೇಲೂ ನಿಲ್ಲಲಿಲ್ಲ. ಚೀಲ ಹೊತ್ತು ನೋಡುತ್ತ ನೋಡುತ್ತ ಕಣ್ಣಿಗೆ ಬಂದ ವಿದ್ಯೆ ಕೆಲವರ ಕೈಗೂ ಇಳಿಯಿತು. 1964ರಲ್ಲಿ ಆರಂಭವಾದ ಇಂಡಿಯನ್ ಓಪನ್ನನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ, 1991ರಲ್ಲಿ, ದೆಹಲಿಯ ಅಲಿ ಶೇರ್; ಹಿಂದೆ ಕ್ಯಾಡಿಯಾಗಿದ್ದವರು. ಅದೇ ಪ್ರಶಸ್ತಿಯನ್ನು 2009ರಲ್ಲಿ ಕೊರಿಯದ ಆಟಗಾರನೊಡನೆ ಪ್ಲೇ-ಆಫ್ ಆಡಿ ಗೆದ್ದವರು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, ಅವರೂ ಕ್ಯಾಡಿಯಾಗಿಯೇ ಆಟವನ್ನು ಕಂಡವರು. ಬಿಡದಿಯ ಬಳಿಯ ಈಗಲ್‌ಟನ್ ಮೈದಾನದಲ್ಲಿ ಎಳೆಯ ವಯಸ್ಸಿನಲ್ಲಿ ಚೆಂಡು ಹೆಕ್ಕುತ್ತಿದ್ದ ಚಿಕ್ಕರಂಗಪ್ಪ 2012ರಲ್ಲಿ ವೃತ್ತಿಪರರಾಗಿ ಅನೇಕ ಪ್ರಶಸ್ತಿಗಳನ್ನು ಪಡೆದರು. ಇವರನ್ನು ಪವಾಡಪುರುಷರೆಂದು ಹೊಗಳುವುದು ಪತ್ರಿಕೆಗಳ ಅಭ್ಯಾಸ. ನನಗಾದರೋ ಇದರಲ್ಲಿ ಪವಾಡವೇನೂ ಕಾಣುವುದಿಲ್ಲ; ವರ್ಷಗಟ್ಟಲೆ ದಿನಾಲು ಐದಾರು ಗಂಟೆ ಪರರ ತಪ್ಪುಗಳನ್ನು ಹತ್ತಿರದಿಂದ ನೋಡುವುದಕ್ಕಿಂತ ದೊಡ್ಡ ಪಾಠಶಾಲೆ ಯಾರಿಗೆ ದೊರೆತೀತು?

ಇನ್ನೊಂದು ಬಗೆಯ ಕ್ಯಾಡಿಗಳೂ ಬೆಂಗಳೂರಿನಿಂದಲೇ ಹೊರಟರು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಆಟ ಕಲಿತ ಅದಿತಿ ಅಶೋಕ್ 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಚೀಲ ಹೊತ್ತವರು ತಂದೆ ಅಶೋಕ್. ಟೋಕಿಯೋದಲ್ಲಿ, 2021ರ ಆಗಸ್ಟಿನಲ್ಲಿ, ಹೊತ್ತವರು ತಾಯಿ ಮಹೇಶ್ವರಿ. ಬೇರೊಬ್ಬ ಆಟಗಾರ್ತಿಯ ಕ್ಯಾಡಿ ಮೊದಲ ದಿನದ ಬಿಸಿಲಿಗೆ ಬಸವಳಿದು ನಡುವೆಯೇ ಚೀಲ ಇಳಿಸಬೇಕಾಯಿತೆಂದರೆ ಅಲ್ಲಿನ ಸೆಕೆಯನ್ನು ಊಹಿಸಬಹುದು. ಮೂರು ದಿನಗಳ ಕೊನೆಗೆ ಮಗಳು ಎರಡನೆಯ ಸ್ಥಾನದಲ್ಲಿದ್ದಳು. ನಾಲ್ಕನೆಯ ದಿನದ ಕೊನೆಗೆ, ಪದಕಕ್ಕೆ ಒಂದೇ ಒಂದು ಹೊಡೆತದ ಅಂತರದಲ್ಲಿ, ನಾಲ್ಕನೆಯವಳಾದಳು.

ಪಳಗಿದ ಕ್ಯಾಡಿಯಿದ್ದಿದ್ದರೆ ಆ ಒಂದು ಹೊಡೆತ ಉಳಿಯುತ್ತಿತ್ತೇ ಎಂದು ಕೇಳುವವರಿರಬಹುದು. ಕೆಲವು ತಿಂಗಳ ಹಿಂದಷ್ಟೇ ಕೋವಿಡ್ ತಗುಲಿ ಹೊಡೆತದ ಉದ್ದವನ್ನು ಕಳೆದುಕೊಂಡಿದ್ದ, ಬಂಗಾರ ಗೆದ್ದ ನೆಲ್ಲಿ ಕೋರ್ಡಾಗಿಂತ ಮೊದಲ ಹೊಡೆತದಲ್ಲಿಯೇ ಬಹುದೂರ ಹಿಂದೆ ಬೀಳುತ್ತಿದ್ದ ಆ ಹುಡುಗಿ ಅಷ್ಟು ಎತ್ತರಕ್ಕೆ ಏರಿದುದು ಗ್ರೀನಿನ ಮೇಲಣ ಪಟ್‌ಗಳ ಬಲದಿಂದ. ಪಟ್ ಎಂಬುದಾದರೋ ತೋಳಿನ ಬಲಕ್ಕಿಂತ ಹೆಚ್ಚಾಗಿ ನೆಮ್ಮದಿಯನ್ನು ಬೇಡುವ ಹೊಡೆತ. ಆ ನಾಲ್ಕು ದಿನ ಅವಳಿಗೆ ಬೇಕಾಗಿದ್ದುದು ಗಜಗಳ ಲೆಕ್ಕವಲ್ಲ, ಅದನ್ನು ಅವಳೇ ಮಾಡಬಲ್ಲಳು. ಬೇಕಾಗಿದ್ದುದನ್ನು ತಾಯಿ ಕೊಟ್ಟಿರಬೇಕೆಂದೇ ನನ್ನ ಎಣಿಕೆ.