ಹದಿನಾಲ್ಕು ಕಂತುಗಳ ಸರಕಾರಿ ವಕೀಲೆ

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಎಂಬ ವಕೀಲರ ಪಾಟೀಸವಾಲನ್ನು ಊಟದ ತಟ್ಟೆ ಹಿಡಿದೇ ನೋಡಿದ ಕುಟುಂಬಗಳು ಗಡಿಯ ಈಚೆಗೂ ಉಂಟು. ಅಂತಹ ದೃಶ್ಯಗಳಲ್ಲಿ ನಮ್ಮ ಮನಸ್ಸು ಬಹುಮಟ್ಟಿಗೆ ಆರೋಪಿಯ ಪರ ನಿಂತವರ ಕಡೆಗೇ ವಾಲುತ್ತದೆ. ಎದುರು ಮೇಜಿನಲ್ಲಿ ಕುಳಿತ ಸರಕಾರಿ ವಕೀಲರ ಧರ್ಮವೇನು ಎಂದು ನಾವು ಕೇಳುವುದು ಕಡಿಮೆ. ಆ ಮೇಜಿನ ಕಡೆಯಿಂದಲೇ ಕಥೆ ಹೇಳಿದ, ಅಲ್ಪಾಯುಷಿಯಾದ ಅಮೆರಿಕದ ಹಾಸ್ಯ ಧಾರಾವಾಹಿಯೊಂದಿದೆ. ಅದರ ಹೆಸರು ‘ಫೋಲಿ ಸ್ಕ್ವೇರ್’.

1985ರ ಡಿಸೆಂಬರ್ 11ರಂದು ಸಿಬಿಎಸ್ ವಾಹಿನಿಯಲ್ಲಿ ಅದು ಆರಂಭವಾಯಿತು. ನಮ್ಮ ದೂರದರ್ಶನದಲ್ಲಿ ‘ಹಮ್ ಲೋಗ್’ ಕೊನೆಗೊಂಡದ್ದೂ ಅದೇ ತಿಂಗಳಲ್ಲಿ. ಫೋಲಿ ಸ್ಕ್ವೇರ್ ಎಂಬುದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ಭಾಗದಲ್ಲಿರುವ ನಿಜವಾದ ಚೌಕ. ಸುತ್ತಲೂ ನ್ಯಾಯಾಲಯಗಳ ಭವ್ಯ ಕಟ್ಟಡಗಳು. ಕಥಾನಾಯಕಿ ಅಲೆಕ್ಸ್ ಹ್ಯಾರಿಗನ್ ಅಲ್ಲಿನ ಡಿಸ್ಟ್ರಿಕ್ಟ್ ಅಟಾರ್ನಿಯ ಕಚೇರಿಯಲ್ಲಿ ಸಹಾಯಕ ಅಭಿಯೋಜಕಿ. ಮಾರ್ಗರೆಟ್ ಕಾಲಿನ್ ಆ ಪಾತ್ರವನ್ನೂ, ಹೆಕ್ಟರ್ ಎಲಿಜಾಂಡೊ ಮೇಲಧಿಕಾರಿಯ ಪಾತ್ರವನ್ನೂ ವಹಿಸಿದ್ದರು. ಮಹತ್ವಾಕಾಂಕ್ಷಿ ಸಹೋದ್ಯೋಗಿ, ಹೊಸದಾಗಿ ಸೇರಿದ ಕಿರಿಯಳು, ಕಾಫಿ ಅಂಗಡಿಯ ಯಜಮಾನ, ಶಾಲಾ ಶಿಕ್ಷಕನಾದ ಗೆಳೆಯ ಇವರೆಲ್ಲ ಅವಳ ಪ್ರಪಂಚ. ಅರ್ಧ ಗಂಟೆಯ ಹಾಸ್ಯದಲ್ಲಿ ದೊಡ್ಡ ವಿಚಾರಣೆಗೆ ಅವಕಾಶವೆಲ್ಲಿ? ಕಚೇರಿಯ ದಣಿವು, ಕಡತಗಳ ರಾಶಿ, ಒಂಟಿ ಯುವತಿಯ ಖಾಸಗಿ ಬದುಕು ಇವುಗಳಿಂದಲೇ ನಗು ಹುಟ್ಟಬೇಕಿತ್ತು.

ನಗುವಿನ ಹಿಂದಿರುವ ಹುದ್ದೆಯಾದರೋ ಗಂಭೀರವಾದುದು. ನ್ಯೂಯಾರ್ಕಿನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯನ್ನು ನಾಲ್ಕು ವರ್ಷಗಳಿಗೊಮ್ಮೆ ಮತದಾರರೇ ಆರಿಸುತ್ತಾರೆ. ಅಲ್ಲಿನ ಅಪರಾಧ ಪ್ರಕರಣಗಳ ಶಿರೋನಾಮೆಯಲ್ಲಿ ಆರೋಪಿಯ ಎದುರಿಗೆ ಬರುವ ಪದ ‘ಜನತೆ’. ಅಂದರೆ ಅಭಿಯೋಜಕಿ ಮಾತನಾಡುವುದು ಇಡೀ ಜನತೆಯ ಪರವಾಗಿ. ಆರೋಪಿಯೂ ಆ ಜನತೆಯಲ್ಲಿ ಒಬ್ಬನೇ. ಆದ್ದರಿಂದಲೇ 1935ರ ಬರ್ಗರ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಸರಕಾರಿ ವಕೀಲನ ಗುರಿ ಗೆಲುವಲ್ಲ, ನ್ಯಾಯ ಎಂದು ಸ್ಪಷ್ಟಪಡಿಸಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1999ರ ಶಿವಕುಮಾರ್ ಪ್ರಕರಣದಲ್ಲಿ, ಹೇಗಾದರೂ ಶಿಕ್ಷೆ ಕೊಡಿಸಬೇಕೆಂಬ ಹಟ ಅಭಿಯೋಜಕರಿಗೆ ಸಲ್ಲದೆಂಬ ಅಭಿಪ್ರಾಯವನ್ನೇ ತಾಳಿದೆ. ಆರೋಪಿಗೆ ಅನುಕೂಲವಾದ ಸಂಗತಿಯನ್ನು ಅಡಗಿಸಿ ಗೆದ್ದ ಸರಕಾರಿ ವಕೀಲರು ತಮ್ಮ ಕಕ್ಷಿಯಾದ ಜನತೆಗೇ ದ್ರೋಹವೆಸಗಿದಂತೆ.

ಧಾರಾವಾಹಿ ಬಾಳಲಿಲ್ಲ. ಅಮೆರಿಕದ ವಾಹಿನಿಗಳಲ್ಲಿ ಜಾಹೀರಾತಿನ ದರ ನಿರ್ಧಾರವಾಗುವುದು ನೋಡುಗರ ಸಂಖ್ಯೆಯಿಂದ. ಸಾಕಷ್ಟು ಪ್ರೇಕ್ಷಕರಿಲ್ಲದ ಕಾರ್ಯಕ್ರಮಕ್ಕೆ ಅಲ್ಲಿ ದಯೆಯಿಲ್ಲ. ಹದಿನಾಲ್ಕು ಕಂತುಗಳಿಗೆ, 1986ರಲ್ಲೇ ಅದು ನಿಂತುಹೋಯಿತು. ಆದರೆ ಅದನ್ನು ರೂಪಿಸಿದ ಡಯಾನ್ ಇಂಗ್ಲಿಷ್ ನಿಲ್ಲಲಿಲ್ಲ. ಎರಡು ವರ್ಷಗಳ ಬಳಿಕ, 1988ರ ನವೆಂಬರಿನಲ್ಲಿ, ಅದೇ ವಾಹಿನಿಯಲ್ಲಿ ಅವರ ‘ಮರ್ಫಿ ಬ್ರೌನ್’ ಆರಂಭವಾಯಿತು. ಅಲ್ಲಿಯೂ ನಾಯಕಿ ದುಡಿಯುವ ಹೆಣ್ಣೇ, ಟಿವಿ ಪತ್ರಕರ್ತೆ. ಅದು ಹತ್ತು ವರ್ಷ ನಡೆಯಿತು. ನಾಯಕಿಯಾಗಿದ್ದ ಕ್ಯಾಂಡಿಸ್ ಬರ್ಗನ್ ಅವರಿಗೆ ಐದು ಎಮ್ಮಿ ಪ್ರಶಸ್ತಿಗಳು ಸಂದವು. ಮೊದಲ ಪ್ರಯತ್ನ ಬೇಗ ಮುಗಿದುದನ್ನೇ ಸೋಲೆಂದು ಬಗೆದಿದ್ದರೆ ಎರಡನೆಯದು ಹುಟ್ಟುತ್ತಿರಲಿಲ್ಲ. ಪರೀಕ್ಷೆಯ ಅಂಕಪಟ್ಟಿ ಹಿಡಿದು ಮುಖ ಬಾಡಿಸಿಕೊಂಡ ಮಕ್ಕಳಿರುವ ಮನೆಗಳಲ್ಲಿ ಇದನ್ನು ನೆನೆಯಬಹುದು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ವಿಚಾರವೂ ಇದೆ. ಕನ್ನಡವನ್ನಷ್ಟೇ ಬಲ್ಲ ಅಜ್ಜಿಯೊಬ್ಬರು ಅನ್ಯಭಾಷೆಯ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಾಗಿ ಬಂತೆನ್ನಿ. ಸಾಧ್ಯವಾದರೆ ಅವರ ನುಡಿಯಲ್ಲೇ ಹೇಳಿಕೆಯನ್ನು ದಾಖಲಿಸಬಹುದು. ಇಲ್ಲವಾದರೆ ನ್ಯಾಯಾಲಯದ ಭಾಷೆಗೆ ಯಥಾರ್ಥವಾದ ಅನುವಾದ ಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಅಜ್ಜಿಯ ಮಾತಿನ ಒಳದನಿಯನ್ನು ನೇರವಾಗಿ ಗ್ರಹಿಸಬಲ್ಲವರು ಸರಕಾರಿ ವಕೀಲರ ಮೇಜಿನಲ್ಲಿದ್ದರೆ ಸತ್ಯಕ್ಕೆ ಅಷ್ಟು ಬಲ ಹೆಚ್ಚು. ರಾಜ್ಯಭಾಷೆಯನ್ನೂ ಇಂಗ್ಲಿಷನ್ನೂ ಶ್ರದ್ಧೆಯಿಂದ ಕಲಿತ ಕನ್ನಡ ಮಾಧ್ಯಮದ ವಿದ್ಯಾರ್ಥಿನಿಗೆ ಆ ಮೇಜು ದೂರದ್ದಲ್ಲ. ಮಗಳು ಕಾನೂನು ಓದುತ್ತೇನೆಂದರೆ, ‘ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಸಾಧ್ಯವೇ?’ ಎಂದು ಹಿರಿಯರು ತಡೆಯದಿರಲಿ. ಅವಳು ಬಲ್ಲ ಕನ್ನಡಕ್ಕಾಗಿ ಕಾಯುತ್ತಿರುವ ಸಾಕ್ಷಿಗಳು ನಮ್ಮ ಊರುಗಳಲ್ಲೇ ಇದ್ದಾರೆ.