ಮಗಳನ್ನು ಯಾವ ದೇಶದ ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವುದು?

ವರ್ಷಂಪ್ರತಿ ಪರೀಕ್ಷಾಫಲಗಳು ಪ್ರಕಟವಾದ ಮೇಲೆ ಹೆತ್ತವರನೇಕರು ನಮ್ಮ ಬಳಿಗೆ ಬಂದು, “ಅಮ್ಮನವರೇ, ಮಗಳನ್ನು ಓದಲು ಯಾವ ದೇಶಕ್ಕೆ ಕಳುಹಿಸಿದರೆ ಒಳ್ಳೆಯದು?” ಎಂದು ಕೇಳುವುದುಂಟು. ಈ ಪ್ರಶ್ನೆಗೆ ಒಂದು ದೇಶದ ಹೆಸರನ್ನು ಹೇಳಿ ಉತ್ತರವಿತ್ತರೆ ಸಾಲದೆಂಬುದನ್ನು ನಾವು ಅನುಭವದಿಂದ ಕಲಿತಿದ್ದೇವೆ. ಒಂದೊಂದು ದೇಶದ ಪದ್ಧತಿಯೂ ವಿದ್ಯಾರ್ಥಿನಿಯಿಂದ ಬೇರೆ ಬೇರೆ ಬಗೆಯ ಸಿದ್ಧತೆಯನ್ನು ಅಪೇಕ್ಷಿಸುತ್ತದೆ. ಆ ಸಿದ್ಧತೆ ನಮ್ಮ ಹುಡುಗಿಯಲ್ಲಿದೆಯೇ ಎಂಬುದೇ ಮೊದಲು ವಿಚಾರಿಸತಕ್ಕ ಸಂಗತಿ.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷಗಳಲ್ಲಿ ಪದವಿ ಮುಗಿಯುತ್ತದೆ. ಆದರೆ ಅರ್ಜಿ ಹಾಕುವಾಗಲೇ ವಿಷಯವನ್ನು ನಿಶ್ಚಯಿಸಬೇಕು. ಯುಕಾಸ್ ಎಂಬ ಸಂಸ್ಥೆಯ ಮುಖಾಂತರ 5 ಆಯ್ಕೆಗಳಿಗೆ ಅವಕಾಶವಿದ್ದರೂ, ಆಕ್ಸ್‌ಫರ್ಡು ಕೇಂಬ್ರಿಜ್ಜುಗಳೆರಡಕ್ಕೂ ಒಂದೇ ವರ್ಷ ಅರ್ಜಿ ಹಾಕುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ 4 ವರ್ಷಗಳ ಓದು. ಮೊದಲ ವರ್ಷಗಳಲ್ಲಿ ಇತರ ವಿಷಯಗಳನ್ನೂ ಸವಿನೋಡಲು ಎಡೆಯುಂಟು.

ಅಮೆರಿಕಾದ ಪದ್ಧತಿಯೂ 4 ವರ್ಷಗಳದು. ಅಲ್ಲಿಯ ಬಹುತೇಕ ಕಾಲೇಜುಗಳಲ್ಲಿ ಹಲವು ಶಾಸ್ತ್ರಗಳನ್ನು ಅಭ್ಯಸಿಸಿ, ಎರಡನೆಯ ವರ್ಷದ ಕೊನೆಯೊಳಗಾಗಿ ಮುಖ್ಯ ವಿಷಯವನ್ನು ಆರಿಸಿಕೊಳ್ಳಬಹುದು. ವೆಚ್ಚವಾದರೋ ಬಹಳ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮುಂತಾದ ಕೆಲವೇ ಸಂಸ್ಥೆಗಳು ಪರದೇಶದ ವಿದ್ಯಾರ್ಥಿಯ ಹಣಬಲವನ್ನು ನೋಡದೆ ಪ್ರವೇಶ ಕೊಟ್ಟು, ಬೇಕಾದಷ್ಟು ಸಹಾಯವನ್ನೂ ಮಾಡುತ್ತವೆ. ಅಲ್ಲಿ ಸ್ಥಳ ದೊರೆಯುವುದು ಅತಿ ದುರ್ಲಭ.

ಜರ್ಮನಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಬೋಧನಾಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯವು ಮಾತ್ರ 2017ರಿಂದ ನಮ್ಮಂಥ ದೇಶಗಳವರಿಗೆ ಅರ್ಧವರ್ಷಕ್ಕೆ 1,500 ಯೂರೋ ವಿಧಿಸಿದೆ. ಶುಲ್ಕವಿಲ್ಲವೆಂದು ಖರ್ಚಿಲ್ಲವೆಂದು ತಿಳಿಯಬಾರದು; 2024ರಲ್ಲಿ ಗೊತ್ತುಪಡಿಸಿದಂತೆ ಒಂದು ವರ್ಷದ ಜೀವನಕ್ಕೆ 11,904 ಯೂರೋ ಮೊದಲೇ ಠೇವಣಿ ತೋರಿಸಬೇಕಾಗಿತ್ತು. ಪದವಿತರಗತಿಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ ನಡೆಯುತ್ತವೆ. ನಮ್ಮ 12ನೆಯ ತರಗತಿಯ ತೇರ್ಗಡೆಯೊಂದೇ ಸಾಮಾನ್ಯವಾಗಿ ಪ್ರವೇಶಕ್ಕೆ ಸಾಲದು.

ಓದುವುದು ಬೇರೆ, ಓದಿದ್ದಕ್ಕೆ ಮನ್ನಣೆ ಬೇರೆ. ಕಾರ್ನೇಲಿಯಾ ಸೊರಾಬ್ಜಿಯವರು ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತುದು 1892ರಲ್ಲಿ. ಸ್ತ್ರೀಯರಿಗೆ ಆ ವಿದ್ಯಾಪೀಠವು ಪದವಿ ಕೊಡಲೊಡಂಬಟ್ಟುದು 1920ರಲ್ಲಿ. ಆಕೆಗೆ ಪದವಿ ದೊರೆತುದು 1922ರಲ್ಲಿ. ಇಂದು ಅಂಥ ಅನ್ಯಾಯವಿಲ್ಲವಾದರೂ ಮನ್ನಣೆಯ ಪ್ರಶ್ನೆ ಉಳಿದೇ ಇದೆ. ಪರದೇಶದಲ್ಲಿ ವೈದ್ಯಶಾಸ್ತ್ರ ಕಲಿತು ಇಲ್ಲಿ ವೈದ್ಯಳಾಗಬೇಕೆನ್ನುವವಳು ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. 2021ರ ನಿಯಮಗಳಂತೆ ಅಲ್ಲಿಯ ಶಿಕ್ಷಣವು ಇಂಗ್ಲಿಷಿನಲ್ಲಿ ಕನಿಷ್ಠ 54 ತಿಂಗಳು ನಡೆದಿರಬೇಕು. ಹಿಂದಿರುಗಿದ ಮೇಲೂ ಪರವಾನಗಿಯ ಪರೀಕ್ಷೆಯುಂಟು. ಇಲ್ಲಿಯೇ ಪದವಿ ಪಡೆದು ಮುಂದಿನ ಓದಿಗೆ ಅಮೆರಿಕಾಕ್ಕೆ ಹೋಗುವವರೂ ಎಚ್ಚರದಿಂದಿರಬೇಕು. ಕರ್ನಾಟಕದಲ್ಲಿ 2021ರಲ್ಲಿ ಬಂದ 4 ವರ್ಷಗಳ ಪದವಿಕ್ರಮವನ್ನು ಬಿಟ್ಟು, 2024ರಲ್ಲಿ ಮರಳಿ 3 ವರ್ಷಗಳ ಕ್ರಮವನ್ನು ಹಿಡಿಯಲಾಯಿತು. ಅಮೆರಿಕಾದ ಹಲವು ವಿದ್ಯಾಪೀಠಗಳಾದರೋ 4 ವರ್ಷಗಳ ಪದವಿಯನ್ನೇ ಕೇಳುತ್ತವೆ.

ನಾವೇ ಒಮ್ಮೆ ಎಡವಿದುದನ್ನು ಇಲ್ಲಿ ಮುಚ್ಚಿಡಲಾರೆವು. ಜೀವಶಾಸ್ತ್ರದಲ್ಲಿಯೂ ಚರಿತ್ರೆಯಲ್ಲಿಯೂ ಸಮಾನವಾದ ಪ್ರೀತಿಯಿದ್ದ ಒಬ್ಬ ಹುಡುಗಿಯ ತಂದೆಗೆ, ಒಂದು ವರ್ಷದ ಖರ್ಚು ಉಳಿಯುವುದೆಂದು ಇಂಗ್ಲೆಂಡನ್ನೇ ಸೂಚಿಸಿದೆವು. ಅವರು ತೋಟವನ್ನು ಅಡವಿಟ್ಟರು. ವರ್ಷ ತುಂಬುವಷ್ಟರಲ್ಲಿ ಅವಳ ಮನಸ್ಸು ಚರಿತ್ರೆಯ ಕಡೆಗೆ ತಿರುಗಿತು, ಮೊದಲಿನಿಂದ ಆರಂಭಿಸಬೇಕಾಯಿತು. ಉಳಿಸಹೊರಟ ವರ್ಷವೇ ನಷ್ಟವಾಯಿತು. “ಅಮ್ಮನವರೇ, ನನ್ನನ್ನು ಯಾರೂ ಕೇಳಲಿಲ್ಲ” ಎಂದು ಅವಳು ನಮಗೆ ಬರೆದಳು. ತಪ್ಪು ಆ ಪದ್ಧತಿಯದಲ್ಲ; ಅವಳೆದುರಿಗೇ ಕುಳಿತಿದ್ದು ಅವಳನ್ನು ಮಾತನಾಡಿಸದ ನಮ್ಮದು.

ಆದುದರಿಂದ ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟೆ: ಮೊದಲು ಮಗಳನ್ನು ಕೇಳಿರಿ. ವಿಷಯ ಸ್ಥಿರವಾಗಿದ್ದರೆ ಇಂಗ್ಲೆಂಡ್ ಒಪ್ಪೀತು. ಸ್ಥಿರವಾಗದಿದ್ದರೆ ಅವಕಾಶವೀಯುವ ಪದ್ಧತಿಯನ್ನು ಹುಡುಕಿರಿ. ಹೊಸ ಭಾಷೆ ಕಲಿಯುವ ಛಲವಿದ್ದರೆ ಜರ್ಮನಿಯನ್ನು ಯೋಚಿಸಿರಿ. ಆಮೇಲೆ ಕೊನೆಯ ವರ್ಷದವರೆಗಿನ ವೆಚ್ಚವನ್ನು ಲೆಕ್ಕ ಹಾಕಿರಿ. ಸಾಲದ ಹೊರೆ ಮನೆಯನ್ನು ಮುರಿಯುವಂತಿದ್ದರೆ ಸ್ವದೇಶದಲ್ಲಿ ಓದುವುದು ಹೀನವೇನೂ ಅಲ್ಲ. ಆದರೆ ಮಗನಿಗೆ ಮಾಡುವ ಲೆಕ್ಕವನ್ನೇ ಮಗಳಿಗೂ ಮಾಡಿರಿ.

ಪರದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನೀವು ಅಲ್ಲಿ ಪಟ್ಟ ಕಷ್ಟಸುಖಗಳನ್ನು ಶಾಲೆಗೆ ಬರೆದು ತಿಳಿಸಿರಿ. ನಿಮ್ಮ ಒಂದು ಕಾಗದದಿಂದ ಇಲ್ಲಿಯ ಒಬ್ಬ ತಂಗಿಗೆ ಒಂದು ವರ್ಷ ಉಳಿದೀತು.