ಅಕ್ವೇರಿಯಂ ಗಾಜಿನ ಮ್ಯಾಲೆ ಬಿಳಿ ಎಳೆ ಕಂಡ್ರೆ ಕೆರೀಬ್ಯಾಡ್ರಿ: ಅದು ಹೈಡ್ರಾ

ಹುನಗುಂದ: ಫೈಟರ್ ಮೀನು ಮರಿ ಮಾಡಿದೆ ಎಂದು ಖುಷಿಪಟ್ಟು ನಾಲ್ಕು ದಿನ ಆಗಿರುವುದಿಲ್ಲ, ಮರಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಸತ್ತ ಮರಿಯೂ ಸಿಗುವುದಿಲ್ಲ. ನೀರು ಚೆನ್ನಾಗಿದೆ, ದೊಡ್ಡ ಮೀನನ್ನು ಬೇರೆ ಇಟ್ಟಾಗಿದೆ. ಹಂಗಾದ್ರ ತಿಂದವರು ಯಾರು?

ರಾತ್ರಿ ಟಾರ್ಚ್ ಹಿಡಿದು ಗಾಜನ್ನು ಪಕ್ಕದಿಂದ ನೋಡ್ರಿ. ಇಳಕಲ್ ಮಗ್ಗದ ಕೆಳಗೆ ಬಿದ್ದ ನೂಲಿನ ಚೂರಿನಂಥ ಬಿಳಿ ಎಳೆ, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಕಡಿಮೆ ಉದ್ದ. ತುದಿಯಲ್ಲಿ ಕೂದಲಿನಷ್ಟು ತೆಳುವಾದ ಐದಾರು ಕೈ. ಮುಟ್ಟಿದರೆ ಮುದುಡಿ ಚುಕ್ಕಿಯಾಗುತ್ತದೆ. ಇದೇ ಹೈಡ್ರಾ. ಕೈಗಳಲ್ಲಿರುವ ಚುಚ್ಚುವ ಕೋಶಗಳಿಂದ ಸಣ್ಣ ಮರಿಯನ್ನೋ ಸೀಗಡಿ ಮರಿಯನ್ನೋ ಮರಗಟ್ಟಿಸಿ ನುಂಗುತ್ತದೆ. ದೊಡ್ಡ ಮೀನಿಗೆ, ನಮಗೆ ಅದರಿಂದ ತೊಂದರೆ ಇಲ್ಲ.

ಅದನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ನೀರಿನ ಗಿಡದ ಎಲೆಗೆ ಅಂಟಿಕೊಂಡೋ, ಕೆರೆಯಿಂದ ತಂದ ಜೀವಂತ ಆಹಾರದ ಜೊತೆಗೋ ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ ಬರುತ್ತದೆ. ನಮ್ಮ ಮನ್ಯಾಗಿನ ಟ್ಯಾಂಕಿಗೆ ಬಂದದ್ದೂ ಹಂಗ, ಒಂದು ಕಟ್ಟು ಗಿಡದ ಜೊತೆ.

ಸಮುದ್ರದ ನೀರಿನ ಟ್ಯಾಂಕ್ ಇಟ್ಟವರಿಗೂ ಇಂಥದೇ ತಲೆನೋವು ಇದೆ. ಅಲ್ಲಿ ಬರುವುದು ಹೈಡ್ರಾದ ದೂರದ ಸಂಬಂಧಿ, ಐಪ್ಟೇಸಿಯಾ ಎಂಬ ಕಡಲ ಹೂವು. ಕಲ್ಲಿನ ಸಂದಿಯಲ್ಲಿ ಅಡಗಿ ಬಂದು ಇಡೀ ಟ್ಯಾಂಕ್ ತುಂಬುತ್ತದೆ. ಅದರ ಬಾಯಿಗೆ ಸುಣ್ಣದ ಗಟ್ಟಿ ಹಿಟ್ಟು ಮೆತ್ತಿ ಕೊಲ್ಲುವುದುಂಟು. ನಾವು ಎಲಿ ಅಡಕಿಗೆ ಹಚ್ಚೋ ಸುಣ್ಣದ ಜಾತಿಯೇ ಅದು. ಸಿಹಿನೀರಿನ ಟ್ಯಾಂಕಿನಲ್ಲಿ ಮಾತ್ರ ಇದನ್ನು ಮಾಡಬ್ಯಾಡ್ರಿ, ಹೈಡ್ರಾಕ್ಕಿಂತ ಮೊದಲು ಮೀನು ಹೋಗ್ತಾವ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಯಾರೋ ಸಮುದ್ರದಿಂದ ಕಿತ್ತು ತಂದ ಹವಳ ಮಾರುತ್ತೇನೆ ಅಂದರೆ ದೂರ ಇರ್ರಿ.

ಹೈಡ್ರಾ ಕಂಡ ಕೂಡಲೇ ಎಲ್ಲರೂ ಮಾಡುವ ತಪ್ಪು ಒಂದೇ. ಬ್ಲೇಡ್ ತಗೊಂಡು ಗಾಜು ಕೆರೆಯುವುದು. ನಾನೂ ಮಾಡಿದೆ. ವಾರದ ಮ್ಯಾಲೆ ನೋಡಿದರೆ ಮೊದಲಿಗಿಂತ ಜಾಸ್ತಿ! ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಎಂಬಾತ 1740ರ ದಶಕದಲ್ಲೇ ಇದನ್ನು ಕತ್ತರಿಸಿ ನೋಡಿದ್ದ. ಎರಡು ತುಂಡು ಮಾಡಿದರೆ ಎರಡು ಹೈಡ್ರಾ, ಇನ್ನೂ ಹೆಚ್ಚು ತುಂಡು ಮಾಡಿದರೆ ಅಷ್ಟೂ ಬೆಳೆದವು. ತಲೆ ಕಡಿದರೆ ಮತ್ತೆ ತಲೆ ಹುಟ್ಟುವ ಗ್ರೀಕ್ ಪುರಾಣದ ಹಾವಿನ ಹೆಸರು ಇದಕ್ಕೆ ಬಂದದ್ದು ಸುಮ್ಮನೆ ಅಲ್ಲ. ಐಪ್ಟೇಸಿಯಾ ಕೂಡ ಹಾಗೇ, ಹರಿದು ಉಳಿದ ಚೂರಿನಿಂದ ಮತ್ತೆ ಬೆಳೆಯುತ್ತದೆ.

ಹಂಗಾದ್ರ ಏನು ಮಾಡೋದು? ಮೊದಲು ಆಹಾರ ಕಡಿಮೆ ಮಾಡ್ರಿ. ಹೊಟ್ಟೆ ತುಂಬಿದ ಹೈಡ್ರಾ ಮೈಮೇಲೆ ಮೊಗ್ಗು ಬಿಟ್ಟು ಕೆಲವೇ ದಿನಗಳಲ್ಲಿ ಮರಿ ಮಾಡುತ್ತದೆ. ಮೀನುಮರಿಗೆ ಅಂತ ಹಾಕುವ ಆರ್ಟೀಮಿಯಾ ಅದಕ್ಕೆ ಹಬ್ಬದ ಊಟ. ಮರಿಗಳಿಲ್ಲದ ಟ್ಯಾಂಕ್ ಆದರೆ ಒಂದು ಗುರಾಮಿ ಮೀನು ಬಿಟ್ಟು ನೋಡಬಹುದು, ಹೈಡ್ರಾ ತಿನ್ನುವುದಕ್ಕೆ ಅದು ಹೆಸರಾದ ಮೀನು. ಮರಿಗಳಿದ್ದರೆ ಬೇಡ, ಅವನ್ನೂ ತಿನ್ನುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಔಷಧ. ಕುರಿ, ಆಡಿಗೆ ಜಂತಿಗೆ ಕೊಡುವ ಫೆನ್‌ಬೆಂಡಜೋಲ್ ಹೈಡ್ರಾವನ್ನೂ ಕೊಲ್ಲುತ್ತದೆ. ಕುರಿ ಸಾಕುವ ನಮ್ಮ ಊರುಗಳಲ್ಲಿ ಇದು ಹೊಸ ಹೆಸರಲ್ಲ. ಆದರೆ ಕುರಿಯ ಲೆಕ್ಕ ಮೀನಿಗೆ ಹಿಡಿಯಬಾರದು. 150 ಮಿಲಿಗ್ರಾಂ ಗುಳಿಗಿಯ ಏಳನೇ ಒಂದು ಪಾಲು, ಅಂದರೆ ಸುಮಾರು 20 ಮಿಲಿಗ್ರಾಂ, 40 ಲೀಟರ್ ನೀರಿಗೆ ಸಾಕು ಎಂಬುದು ಮೀನು ಸಾಕುವವರ ರೂಢಿ. ಪುಡಿ ಮಾಡಿ ನೀರಿನಲ್ಲಿ ಚೆನ್ನಾಗಿ ಕದಡಿ ಹಾಕಬೇಕು. ಟ್ಯಾಂಕಿನಲ್ಲಿ ಸಾಕಿದ ಬಸವನಹುಳು ಇದ್ದರೆ ಮೊದಲು ತೆಗೀರಿ, ಈ ಔಷಧಕ್ಕೆ ಅವು ಸಾಯಬಹುದು. ಗಾಜು, ಮರಳಿನಲ್ಲಿ ಔಷಧದ ಅಂಶ ಉಳಿಯುವುದರಿಂದ ಬಹಳ ದಿನ ಮತ್ತೆ ಬಿಡಲೂ ಬಾರದು. ಒಮ್ಮೆಲೇ ಸತ್ತ ಹೈಡ್ರಾ ಕೊಳೆತು ನೀರು ಕೆಡುತ್ತದೆ, ಅದಕ್ಕೆ ಎರಡು ಮೂರು ದಿನದ ನಂತರ ಅರ್ಧದಷ್ಟು ನೀರು ಬದಲಿಸಿ. ಅಂಗಡಿಯವರು ತಾಮ್ರದ ಔಷಧ ಕೊಟ್ಟರೆ ಸೀಗಡಿ ಇರುವ ಟ್ಯಾಂಕಿಗೆ ಹಾಕಲೇಬೇಡಿ.

ಮುಂದಿನ ಸಲ ಗಿಡ ತಂದಾಗ ನೇರ ಟ್ಯಾಂಕಿಗೆ ಇಳಿಸದೆ ಗಾಜಿನ ಬಾಟಲಿಯಲ್ಲಿ ಎರಡು ವಾರ ಬೆಳಕಿಗೆ ಇಡ್ರಿ. ಹೈಡ್ರಾ ಇದ್ದರೆ ಅಷ್ಟರಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಬಲೆ, ಪೈಪ್ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹಾಕುವ ಮುನ್ನ ಬಿಸಿಲಲ್ಲಿ ಒಣಗಿಸಿ. ನಮ್ಮ ಕಡೆ ಬಿಸಿಲಿಗೇನು ಬರ ಇಲ್ಲಲ್ಲ.

ಬೇಸತ್ತು ಟ್ಯಾಂಕನ್ನೇ ಖಾಲಿ ಮಾಡುವವರೂ ಇದ್ದಾರೆ. ಹಾಗೆ ಮಾಡುವಾಗ ಮೀನು, ಗಿಡ, ನೀರು ಒಯ್ದು ಹಳ್ಳಕ್ಕೋ ಮಲಪ್ರಭೆಗೋ ಸುರಿಯಬ್ಯಾಡ್ರಿ. ಹೈಡ್ರಾ ನಮ್ಮ ಕೆರೆಗಳಿಗೆ ಹೊಸದಲ್ಲ, ಆದರೆ ಅಂಗಡಿಯ ಮೀನು, ಗಿಡ ಪರದೇಶದವು. ಹಳ್ಳ ಸೇರಿದ್ದು ಕೂಡಲಸಂಗಮದಲ್ಲಿ ಕೃಷ್ಣೆಗೆ, ಅಲ್ಲಿಂದ ನಾರಾಯಣಪುರದ ಹಿನ್ನೀರಿಗೆ ಹೋಗಿ ನಿಲ್ಲುತ್ತದೆ. ಮೀನನ್ನು ಸಾಕುವ ಬೇರೆಯವರಿಗೆ ಕೊಡಿ, ಗಿಡ ಒಣಗಿಸಿ ತಿಪ್ಪೆಗೆ ಹಾಕಿ. ಔಷಧ ಬೆರೆಸದ ನೀರಾದರೆ ಹಿತ್ತಲದ ಕರಿಬೇವಿನ ಬುಡಕ್ಕೆ ಹಾಕಬಹುದು.